ಬೀಪಾತು, ಭಾಗ ನಾಲ್ಕು

ಹಗಲೆಲ್ಲ ಬೇರೆಯವರ ಹೆಸರು ಬರೆಯುವುದೇ ಕೆಲಸ ನನಗೆ,
ಶಾರ್ಜಾದ ರೋಲಾದಲ್ಲಿ, ಟೈಪಿಂಗ್ ಸೆಂಟರಿನಲ್ಲಿ.
ವೀಸಾ, ಬತಾಕ, ರದ್ದತಿ, ಹೊಸ ಹೆಂಡತಿಯ ಪ್ರವೇಶ ಅರ್ಜಿ,
ತಂದೆಯ ಹೆಸರು, ಹುಟ್ಟಿದ ಊರು.
ಕಾಪು ಎಂದರೆ, ಅರಬಿಯಲ್ಲಿ ಪಕಾರವಿಲ್ಲ, ಕಾಬು.
ಹತ್ತು ದಿರ್ಹಮಿಗೆ ಒಂದೊಂದು ಊರು
ಹೀಗೆ ತುಸು ಸವೆಯುತ್ತದೆ.

ರಾತ್ರಿ ಹತ್ತಕ್ಕೆ ಷಟರ್ ಅರ್ಧ ಇಳಿಸಿ
ಅದೇ ಕೀಲಿಮಣೆಯಲ್ಲಿ
ನೂನ್ ಒತ್ತುತ್ತೇನೆ, ಕ ಬರುತ್ತದೆ.
ಮೀಮ್ ಒತ್ತುತ್ತೇನೆ, ಲ.
ಅಲಿಫಿನ ಬೆನ್ನ ಹಿಂದೆ ಹ ಅಡಗಿ ಕೂತಿದೆ.
ಶನಿಯ ಚಂದ್ರನೊಂದರಲ್ಲಿ ಆಗ
ಬೆಳಗಿನ ಪಾಳಿ ಶುರು.

ಅಲ್ಲಿ ಬೀಪಾತು ವೆಲ್ಡರ್.
ಮೀಥೇನ್ ಮಳೆಯಲ್ಲಿ ನಿಂತು ಪೈಪು ಬೆಸೆಯುತ್ತಾಳೆ.
ಕಂಪನಿ ಅವಳ ಪಾಸ್‌ಪೋರ್ಟ್ ಇಟ್ಟುಕೊಂಡಿಲ್ಲ, ಅಷ್ಟು ಹಳೇ ಕಾಲವಲ್ಲ,
ಉಸಿರಿನ ಲೆಕ್ಕ ಇಟ್ಟುಕೊಂಡಿದೆ.
ರಜೆ ಕೇಳಿದರೆ ಬಾಕಿ ತೋರಿಸುತ್ತದೆ.

ಊರಿನ ಪ್ರಕಾಶಕರು ಫೋನಿನಲ್ಲಿ ಮೆತ್ತಗೆ ಹೇಳಿದ್ದರು:
"ಕತೆ ಚೆನ್ನಾಗಿದೆ ಸಾರ್. ಆದರೆ ರಾಕೆಟ್ಟಿನಲ್ಲಿ ಬೀಪಾತು?
ಓದುಗರು ನಗುತ್ತಾರೆ. ತಾರಾ ಅಂತ ಮಾಡಿ, ನೋಡೋಣ."
ನನ್ನ ಅಜ್ಜಿ ಬೀಪಾತು. ಬೀಡಿ ಕಟ್ಟಿ ಕಟ್ಟಿ
ಬೆರಳ ಗೆರೆ ಅಳಿದು
ಆಧಾರ್ ಯಂತ್ರ ಮೂರು ಸಲ ಅವಳನ್ನು ಗುರುತಿಸಲಿಲ್ಲ.
ಅಂಥವಳು ಶನಿಗೆ ಹೋಗದೆ ಇನ್ಯಾರು ಹೋಗಬೇಕು?

ಹಾಗಾಗಿ ನಾನೇ ಪ್ರಕಾಶಕ.
ಕಚೇರಿ: ಆರನೇ ನಂಬರಿನ ಮೇಲಿನ ಬಂಕು.
ಮುಖಪುಟ ಕೆಳಗಿನ ಬಂಕಿನ ಫೈಜುಲ್ಲಾನದು.
ಪೇಶಾವರದಲ್ಲಿ ಲಾರಿಗೆ ಬಣ್ಣ ಬರೆದ ಕೈ,
ಶನಿಯ ಬಳೆಗೆ ಗೊಂಡೆ ಕಟ್ಟಿದ,
ಮೂಲೆಯಲ್ಲೊಂದು ನವಿಲು ಕೂರಿಸಿದ.
ಬೇಡವೆಂದೆ. ಕೇಳಲಿಲ್ಲ.
ಅಚ್ಚಾದದ್ದು ಗದಗಿನಲ್ಲಿ, ಮುನ್ನೂರು ಪ್ರತಿ,
ಹಲ್ಲಿನ ಕ್ಯಾಪಿಗೆಂದು ಎತ್ತಿಟ್ಟ ದುಡ್ಡು;
ಇಂದಿಗೂ ಎಡದವಡೆಯಲ್ಲೇ ಊಟ.

ಎರಡನೇ ಭಾಗದ ಎಪ್ಪತ್ತೊಂದನೇ ಪುಟದಲ್ಲಿ
ಗುರುತ್ವ ಹೋಗಿ ಗುರುತು ಆಗಿದೆ:
'ಹಡಗಿನಲ್ಲಿ ಗುರುತು ಇಲ್ಲ, ಎಲ್ಲರೂ ತೇಲುತ್ತಾರೆ.'
ತಿದ್ದುಪಡಿಯ ಚೀಟಿ ಅಂಟಿಸಲು ಕೂತವನು
ಇನ್ನೊಮ್ಮೆ ಓದಿ ಗೋಂದಿನ ಮುಚ್ಚಳ ಹಾಕಿದೆ.

ಮೂವತ್ತು ಕಿಲೋ ಲಗೇಜಿನಲ್ಲಿ ಇಪ್ಪತ್ತೆರಡು ಕಿಲೋ ಬೀಪಾತು,
ಮಿಕ್ಕಿದ್ದು ಕುಚ್ಚಲಕ್ಕಿ.
ಕಸ್ಟಮ್ಸಿನ ಹುಡುಗ ಒಂದನ್ನೆತ್ತಿ ಬಲಗಡೆಯಿಂದ ತೆರೆದ.
ಅವನಿಗೆ ಕತೆ ಕೊನೆಯಿಂದ ಶುರುವಾಯಿತು.

ಮಾರಿದ್ದು ನಲವತ್ತೆಂಟು.
ಕೊಟ್ಟದ್ದು ಕೇಳಬೇಡಿ.

ಒಂದು ಶುಕ್ರವಾರ ಸಜ್ಜಾ ಕ್ಯಾಂಪಿನಿಂದ
ಹುಲಿಗೆಪ್ಪ ಬಂದ, ಸಿಂಧನೂರಿನವ, ಕ್ರೇನ್ ಆಪರೇಟರ್.
ವೀಸಾ ರದ್ದತಿಯ ಕಾಗದ ಮುಂದಿಟ್ಟವನು
ಮೇಜಿನ ಮೇಲಿನ ನವಿಲು ಕಂಡು,
"ಬೀಪಾತು ಬರದಾವ್ರು ನೀವೇನ್ರಿ?"

ಕ್ಯಾಂಪಿಗೆಲ್ಲ ಮೂರನೇ ಭಾಗದ ಒಂದೇ ಪ್ರತಿಯಂತೆ.
ಕೈ ದಾಟಿ ದಾಟಿ ಹೊಲಿಗೆ ಬಿಟ್ಟು
ಕೊನೆಯ ಹದಿನಾರು ಪುಟ ಎಲ್ಲೋ ಉದುರಿವೆ.
"ಅದಕ್ಕ ನಾವಽ ಮುಗಿಸೀವ್ರಿ."
ಹೇಗೆ?
"ಆಕಿ ಹಡಗ ಹತ್ತಂಗಿಲ್ರಿ. ರಾತ್ರಿ ಎದ್ದು
ಎಲ್ಲಾರ ಉಸಿರಿನ ಪೈಪೂ ಕೊಯ್ದು ಒಂದಕ್ಕೊಂದು ಬೆಸಿತಾಳ.
ಯಾರ ಉಸಿರು ಯಾರದು, ಕಂಪನಿಗೆ ತಿಳೀಬಾರದು ನೋಡ್ರಿ.
ಸಾಲ ಯಾರ ಹೆಸರಿಗೆ ಬರೀತಾರ?"

ನನ್ನ ಹದಿನಾರು ಪುಟದಲ್ಲಿ ಅವಳು ಹಡಗು ಹತ್ತಿದ್ದಳು.
ಕಿಟಕಿ ಪಕ್ಕದ ಸೀಟು ಬೇರೆ ಕೊಡಿಸಿದ್ದೆ.
ಬಾಯಿ ಬಿಡಲಿಲ್ಲ. ಸುಲೈಮಾನಿ ತರಿಸಿದೆ.
ಅವನ ಹೆಸರು ಟೈಪಿಸಿದೆ; ಅರಬಿಯಲ್ಲಿ ಅದು ಹುಲಿಜೆಬ್ಬ ಆಯಿತು.
ಹತ್ತು ದಿರ್ಹಮ್ ತೆಗೆದುಕೊಳ್ಳಲು ಕೈ ಬರಲಿಲ್ಲ.
ಮಂಗಳವಾರ ಫ್ಲೈಟು ಎಂದ.

ಆ ರಾತ್ರಿ ನಾಲ್ಕನೇ ಭಾಗಕ್ಕೆ ಪೈಪಿನಿಂದಲೇ ಶುರು ಮಾಡಿದೆ.
ಎರಡನೇ ಪುಟದಲ್ಲಿ 'ಹಕ್ಕುಗಳು' ಎಂದು ಬರೆದು
ಮುಂದೆ ನನ್ನ ಹೆಸರು ಹಾಕಿದೆ,
ಅಳಿಸಿದೆ,
ಮತ್ತೆ ಹಾಕಲು ಹೋಗಿ ಮೀಮಿನ ಮೇಲೆ ಬೆರಳು ನಿಂತಿತು.

ಬಂಕಿಗೆ ಮರಳಿದಾಗ ಕೆಳಗಿನಿಂದ ಫೈಜುಲ್ಲಾ,
ಈ ಸಲವಾದರೂ ನವಿಲು ಬೇಕೋ ಬೇಡವೋ ಎಂದ.
ಎರಡು ಹಾಕು ಎಂದೆ.