ಪೋಲಿನ ಬಾಬ್ತು

ಊರಿನ ಹೆಸರೇ ಕಣ್ಣು. ಅಲ್ ಐನ್.
ಒರತೆ ಎಂದೂ ಅರ್ಥವಂತೆ,
ಒರತೆಗೆ ಈಗ ಪಂಪು ಬೇಕು.
ಸೋಮವಾರ ನಸುಕಿಗೆ, ಹತ್ತೇ ನಿಮಿಷ,
ಆ ಕಣ್ಣಿನ ಮೇಲೆ ಆಲಿಕಲ್ಲು ಸುರಿಯಿತು.

ಬುಧವಾರ ನಾನು ಟೇಪು ಹಿಡಿದು
ಉಮ್ಮು ಹುಮೈದ್ ಮನೆಯ ಗೇಟಿನಲ್ಲಿ.
ಸನಾಯಿಯಾದ ನಮ್ಮ ಅಂಗಡಿಗೆ
ಎರಡು ದಿನದಲ್ಲಿ ನೂರಾ ಹನ್ನೊಂದು ಕರೆ;
ಎಸಿ ತೊಟ್ಟಿಕ್ಕಿದರಷ್ಟೇ ನೆನಪಾಗುತ್ತಿದ್ದ ನಾವು
ಇದ್ದಕ್ಕಿದ್ದಂತೆ ಡಾಕ್ಟರರಾಗಿದ್ದೆವು.

ಮಾಡಿನ ಮೇಲೆ ಗುಲ್ ಜರೀನ್, ಕೆಳಗೆ ಲೆಕ್ಕಕ್ಕೆ ನಾನು.
ಅವನು ಪಶ್ತೋ ಬೆರೆಸಿದ ಹಿಂದಿಯಲ್ಲಿ ಕೂಗುತ್ತಾನೆ,
ನಾನು ಅರಬ್ಬಿ ನಮೂನೆಯ ಹಾಳೆಯಲ್ಲಿ ತುಂಬುತ್ತೇನೆ,
ಎಣಿಕೆ ಮಾತ್ರ ಬಾಯೊಳಗೆ ಕನ್ನಡದಲ್ಲೇ ನಡೆಯುತ್ತದೆ:
ಹೆಂಚು ಮುನ್ನೂರ ಹನ್ನೆರಡು. ಮೂಲೆಹೆಂಚು ಹದಿನೆಂಟು.
ರೀಪು ಒದ್ದೆ, ಏಳು ಕಡೆ.
ಅಂಗಳದ ಪ್ಲಾಸ್ಟಿಕ್ ಶೀಟಿಗೆ ಬಂದಾಗ
"ತೂತು ಎಣಿಸಬೇಡ" ಅಂದ,
"ಉಳಿದದ್ದನ್ನು ಎಣಿಸು."

ಆಕೆ ಗಹ್ವಾ ಕೊಟ್ಟು, ಖರ್ಜೂರ ಕೊಟ್ಟು,
ಅಡುಗೆಮನೆಗೆ ಕರೆದು ಫ್ರೀಜರ್ ತೆರೆದಳು.
ಹಮೂರ್ ಮೀನಿಗೂ ಬಟಾಣಿ ಪೊಟ್ಟಣಕ್ಕೂ ನಡುವೆ
ಡಬ್ಬಿ; ಡಬ್ಬಿಯಲ್ಲಿ ಒಂದೇ ಒಂದು ಕಲ್ಲು.
"ಸಾಕ್ಷಿ. ಇನ್ಶೂರೆನ್ಸಿನ ನಿದಾಲ್ ಬರುವ ತನಕ
ಈ ಬಾಗಿಲು ಯಾರೂ ತೆರೆಯಕೂಡದು."
ಬೆಳಗಿನಿಂದ ಆಕೆಯೇ ಎಂಟು ಸಲ ತೆರೆದಿದ್ದಳಂತೆ.
(ಹೇಳಿದ್ದು ಮೊಮ್ಮಗ.)

ಅಳೆದೆ. ನಾಲ್ಕು ಸೆಂಟಿಮೀಟರ್, ಒಂದು ನೂಲು ಕಡಿಮೆ.
ಬಿಳಿ ಸುತ್ತು, ಒಳಗೊಂದು ಸುತ್ತು, ನಡುವೆ ಮಬ್ಬು ಚುಕ್ಕೆ.
"ನಮ್ಮ ಭಾಷೆಯಲ್ಲಿ ಇದೂ ಆಲಿಯೇ,
ಕಣ್ಣೊಳಗಿನ ಗುಂಡೂ ಆಲಿಯೇ" ಅಂದುಬಿಟ್ಟೆ.
ಆಕೆ ಟಪ್ಪನೆ ಮುಚ್ಚಳ ಹಾಕಿದಳು:
"ನಾನು ಹೇಳಲಿಲ್ಲವೆ, ಬಿದ್ದದ್ದು ಕಣ್ಣೇ ಎಂದು?
ಹೋದ ಶುಕ್ರವಾರವಷ್ಟೇ ನಾದಿನಿ
ಅಂಗಳದಲ್ಲಿ ನಿಂತು ಈ ಮಾಡನ್ನು ಹೊಗಳಿದ್ದಳು."

ಕಣ್ಣು ಬಿದ್ದದ್ದಕ್ಕೆ ಪಾಲಿಸಿಯಲ್ಲಿ ಕಲಮು ಇಲ್ಲ.
ದೇವರು ಮಾಡಿದ್ದಕ್ಕೆ ಇದೆ;
ಅದರಲ್ಲೂ ಮೊದಲ ಐದು ಸಾವಿರ ನಮ್ಮದೇ.

ರಾತ್ರಿ ಕೂತು ಬರೆದೆ.
ಈ ಕೆಂಪು ಸುಡುತ್ತಿದ್ದ ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷ,
ಒಡೆದದ್ದಷ್ಟೇ ಹಾಕಿದರೆ ತೇಪೆ ಎದ್ದು ಕಾಣುತ್ತದೆ.
ಇಡೀ ಮಾಡು: ನಲವತ್ತೊಂದು ಸಾವಿರದ ಆರುನೂರು ದಿರ್ಹಂ.
ಒಡೆದದ್ದಷ್ಟೇ: ಒಂಬತ್ತು ಸಾವಿರದ ಎಂಟುನೂರು.
ಎರಡಕ್ಕೂ ಕ್ರೇನು, ಮಜೂರಿ, ಚೂರು ಸಾಗಿಸುವ ಲಾರಿ ಸೇರಿ.
ಪೋಲು: ಎಂಟು ಪರ್ಸೆಂಟ್.

ರೂಢಿ ಐದು.
ಮೇಲಿನ ಮೂರು ಗುಲ್ ಜರೀನನ ಕೋಣೆ.
ಅಂಗಡಿಯ ಹಿಂದೆ, ಹನ್ನೊಂದು ಮಂಚ, ತಗಡಿನ ಮಾಡು,
ತೂತಿಗೊಂದು ಅಕ್ಕಿಚೀಲ, ಚೀಲಕ್ಕೊಂದು ಇಟ್ಟಿಗೆ.
ಅದಕ್ಕೆ ಕೊಟೇಶನ್ ಕೇಳಿದವರಿಲ್ಲ.
ನನ್ನ ಕೊರೊಲಾದ ನೆತ್ತಿಯಲ್ಲೂ ಐವತ್ತೇಳು ಗುಳಿ,
ಅದು ಬಿಡಿ, ಓಡುತ್ತದೆ.

ಗುರುವಾರ ಕನ್ನಡಕ ಏರಿಸಿ
ಸಾಲಿನಿಂದ ಸಾಲಿಗೆ ಬೆರಳಿಳಿಸಿದಳು ಉಮ್ಮು ಹುಮೈದ್.
"ಒಡೆದದ್ದಷ್ಟೇ ಹಾಕು. ಯಾವ ಬಣ್ಣ ಸಿಕ್ಕೀತೋ ಆ ಬಣ್ಣ.
ನಾದಿನಿಗೆ ಹೊಗಳಲು ಏನೂ ಉಳಿಯಬಾರದು."
ಬೆರಳು ಪೋಲಿನ ಸಾಲಿಗೆ ಬಂದು ನಿಂತಿತು.
"ಎಂಟು?"
"ಕೊಯ್ಯುವಾಗ ಶೀಟು ಸೀಳುತ್ತದೆ" ಅಂದೆ.
ಅರಬ್ಬಿಯಲ್ಲಿ ನನಗೆ ಬರುವ ಸುಳ್ಳು ಅಷ್ಟೇ ಉದ್ದ.
ಆಕೆ ಏಣಿಯತ್ತ ನೋಡಿದಳು:
ಟಾರ್ಪಾಲು ಬಿಗಿಯುತ್ತಿದ್ದವನ
ಒಡೆದ ಹಿಮ್ಮಡಿ ಎರಡು, ಮತ್ತೇನೂ ಕಾಣುತ್ತಿರಲಿಲ್ಲ.
ಕ್ರೇನಿನಲ್ಲಿ ಮುನ್ನೂರು ಹೊಡೆದಳು.
ಎಂಟನ್ನು ಮುಟ್ಟಲಿಲ್ಲ.

ನಿದಾಲ್ ಬಂದದ್ದು ಶನಿವಾರ.
ಅಂಗಳದ ವೈರು ನೆನೆದಿತ್ತೆಂದು
ನಾವೇ ಗುರುವಾರ ಮೇನ್ ಸ್ವಿಚ್ ಇಳಿಸಿದ್ದೆವು,
ಏರಿಸಲು ಮರೆತಿದ್ದೆವು.
ಮೀನಿನ ವಾಸನೆಗೆ ಮೂಗು ಮುಚ್ಚಿ
ಡಬ್ಬಿ ಓರೆ ಮಾಡಿ ನೋಡಿದ: ಒಂದು ಚಮಚ ನೀರು.
ಅದರದ್ದೇ ಫೋಟೋ ತೆಗೆದುಕೊಂಡ.

ಉಮ್ಮು ಹುಮೈದ್ ನನ್ನ ಕಡೆ ತಿರುಗಿದಳು.
ನಾನು ಪುಸ್ತಕ ಬಿಚ್ಚಿ ಜೋರಾಗಿ ಓದಿದೆ:
ನಾಲ್ಕು ಸೆಂಟಿಮೀಟರ್,
ಒಂದು ನೂಲು ಕಡಿಮೆ.