ಕಾರಣ: ಎರಡು ಗೆರೆ

ಆಗಸ್ಟ್ ಮುಗಿಯುತ್ತಿದ್ದ ಹಾಗೆ
ಸೈಮಾ ಸರೋವರದ ದಂಡೆಯಲ್ಲಿ ದೋಣಿ ಮಗುಚಿ ಹಾಕುತ್ತಾರೆ,
ಸೌನಾದ ಒಲೆಯಿಂದ ಬೂದಿ ತೋಡುತ್ತಾರೆ,
ನಲ್ಲಿಯೊಳಗೆ ಉಳಿದ ಹನಿಯನ್ನೂ ಬಸಿಯುತ್ತಾರೆ,
ಹೆಪ್ಪುಗಟ್ಟಿ ಕೊಳವೆ ಒಡೆಯಬಾರದಲ್ಲ.
ಅಷ್ಟು ಮುಂದಾಲೋಚನೆಯ ಜನ.

ಆಮೇಲೆ ನನ್ನ ಮೇಜಿಗೆ ಬರುತ್ತಾರೆ.

ನಾನು ರೈಲಿ. ಪೂಮಲ ರಸ್ತೆಯ ಬೆಕ್ಕಿನಾಸರೆಯಲ್ಲಿ
ಹದಿನೇಳು ವರ್ಷದಿಂದ ಫಾರಂ ತುಂಬಿಸಿಕೊಳ್ಳುವವಳು.
ಹೆಸರು, ವಯಸ್ಸು, ಚುಚ್ಚುಮದ್ದು ಆಗಿದೆಯೇ,
ಕೊನೆಗೆ 'ಕಾರಣ' ಎಂದು ಎರಡು ಗೆರೆ.
ಹಳೆಯ ಫಾರಂನಲ್ಲಿ ಆರು ಗೆರೆಯಿತ್ತು.
ಜಾಗ ಹೆಚ್ಚಿದಷ್ಟೂ ಜನ ತಮ್ಮ ಕತೆ ಬರೆಯುತ್ತಿದ್ದರು,
ಬೆಕ್ಕಿನದಲ್ಲ.

ಅಲರ್ಜಿ. (ಜೂನಿನಲ್ಲಿ ಇರಲಿಲ್ಲ, ಈಗ ಬಂದಿದೆ.)
ಹೊಸ ಮನೆಯ ಮಾಲೀಕ ಒಪ್ಪುವುದಿಲ್ಲ.
ಸೋಫಾ ಹೊಸದು.
ಒಬ್ಬಳು ಬರೆದಳು: 'ದೊಡ್ಡದಾಯಿತು.'
ಇದಕ್ಕಿಂತ ಪ್ರಾಮಾಣಿಕ ಕಾರಣ ನಾನು ಓದಿಲ್ಲ.

ಬೇಸಿಗೆಬೆಕ್ಕು ಅನ್ನುತ್ತೇವೆ ನಮ್ಮಲ್ಲಿ ಇವಕ್ಕೆ,
ಬೇಸಿಗೆಯ ಕುರ್ಚಿ, ಬೇಸಿಗೆಯ ಚಪ್ಪಲಿ ಅಂದ ಹಾಗೆ.
ಎರಡು ತಿಂಗಳು ಮಕ್ಕಳ ತೊಡೆಗೆ,
ಎರಡು ತಿಂಗಳು ದೋಣಿಮನೆಯ ಇಲಿಗೆ.

ತಂದು ಕೊಡುವವರು ಒಳ್ಳೆಯವರು,
ನನಗೆ ನಾನೇ ಹೇಳಿಕೊಳ್ಳುತ್ತೇನೆ, ದಿನಕ್ಕೆರಡು ಸಲ.
ಉಳಿದವರು ಬೀಗ ಜಡಿದು, ಕಾರಿನ ಕನ್ನಡಿ ತಿರುಗಿಸಿ ಹೋಗುತ್ತಾರೆ.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ.
ಇಲ್ಲಿ ಕಣ್ಣು ಮುಚ್ಚುವುದು ಬೆಕ್ಕಲ್ಲ.
ಅದು ಅಕ್ಟೋಬರಿನ ತನಕ ಕಣ್ಣು ತೆರೆದೇ
ಮೆಟ್ಟಿಲ ಮೇಲೆ ಕೂತಿರುತ್ತದೆ.
ನಾವು ಮೀನೆಣ್ಣೆ ಸವರಿದ ಬೋನು ಹಿಡಿದು
ಮರದ ಮನೆಗಳ ಅಡಿಯಲ್ಲಿ ತೆವಳುತ್ತೇವೆ,
ಕೆಲವು ಸಲ ತಡವಾಗಿ.

ಹೋದ ವರ್ಷ ತಾರ್ಮೊ ಅನ್ನುವವನು ಬಂದ.
ಬಿಯರ್ ಪೆಟ್ಟಿಗೆಯಲ್ಲಿ ಬೂದುಮರಿ, ಮೇಲೊಂದು ಟವೆಲ್.
'ಹೆಸರು?'
'ಹೆಸರೇನೂ ಇಟ್ಟಿಲ್ಲ.'
'ಇಟ್ಟಿದೀವಿ' ಅಂದಳು ಹಿಂದೆ ನಿಂತ ಮಗಳು,
ಒಂಬತ್ತಿರಬಹುದು, ಮೊಣಕಾಲಲ್ಲಿ ಸೊಳ್ಳೆ ಕಚ್ಚಿದ ಕಲೆ.
'ಮುಸ್ತಿಕ್ಕ.'
ಕಾಡಿನಲ್ಲಿ ಬಾಯಿ ನೀಲಿ ಮಾಡುವ ಹಣ್ಣಿನ ಹೆಸರು.
ಬರೆದುಕೊಂಡೆ. ಅವನು ಕಾರಣ ಬರೆದ: 'ಕೆಲಸದ ಪಾಳಿ.'
ಅವಳು ಅದನ್ನು ತುಟಿಯಲ್ಲೇ ಓದಿದಳು.

ಈ ಜೂನಿನಲ್ಲಿ ಮತ್ತೆ ಅದೇ ಮನುಷ್ಯ.
'ರಜೆಗೆ ಬಂದಿದ್ದೇವೆ. ಒಂದು ಮರಿ ಸಿಗುತ್ತದೆಯೇ?'
ರಿಜಿಸ್ಟರ್ ತಿರುಗಿಸಿ ಅವನದೇ ಸಹಿ ತೋರಿಸಿದೆ.
ನೆನಪಿಲ್ಲ ಅಂದ.
ಸುಳ್ಳಾಗಿದ್ದರೆ ಸಿಟ್ಟು ಬರುತ್ತಿತ್ತು.
ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಇಲ್ಲ ಅನ್ನಲು ಬಾಯಿ ತೆರೆದೆ, ಭಾಷಣವೂ ಸಿದ್ಧವಿತ್ತು:
ಹದಿನೈದು ಚಳಿಗಾಲ, ವೈದ್ಯರ ಬಿಲ್ಲು,
ರಾತ್ರಿ ಮೂರಕ್ಕೆ ಹಾಸಿಗೆಯ ಮೇಲೆ ವಾಂತಿ,
ಸಾಕುವುದೆಂದರೆ ಅದು.
ಆದರೆ ಕೌವೊಲ ಊರಿನ ಇಂಥದೇ ಮೇಜಿನ ಮುಂದೆ,
ಮದುವೆ ಮುರಿದ ವಾರ,
ನಾನೂ ಒಮ್ಮೆ 'ಅಲರ್ಜಿ' ಎಂದು ಬರೆದಿದ್ದೇನೆ.
ಚೆಂದದ ಅಕ್ಷರದಲ್ಲಿ.
ನನಗೆ ಯಾವ ಅಲರ್ಜಿಯೂ ಇಲ್ಲ.

'ಇಲ್ಲ' ಎಂದಷ್ಟೇ ಅಂದೆ.

ಹೊರಗೆ ಕಾರಿನಲ್ಲಿ ಹುಡುಗಿ ಕೂತಿದ್ದಳು.
ಇಳಿದು ಬಂದಿರಲಿಲ್ಲ. ಸೀಟಿನ ಪಟ್ಟಿ ಬಿಚ್ಚಿರಲಿಲ್ಲ.
ಡ್ರಾಯರಿನಿಂದ ಫೋಟೊ ತೆಗೆದುಕೊಂಡು ಹೋಗಿ ಗಾಜು ತಟ್ಟಿದೆ.
ಮುಸ್ತಿಕ್ಕ ಈಗ ಮಿಕ್ಕೆಲಿಯಲ್ಲಿ,
ಬಸ್ ಓಡಿಸುವ ಹೆಂಗಸೊಬ್ಬಳ ಮನೆಯಲ್ಲಿದೆ.
ಡಿಸೆಂಬರಿನಲ್ಲಿ ಕಳಿಸಿದ ಚಿತ್ರ, ಸರಿಯಾಗಿ ಬಂದಿಲ್ಲ:
ಒಂದು ಕಿವಿ, ಅರ್ಧ ಬಾಲ,
ನೂಲು ನೂಲಾಗಿ ಹರಿದ ಸೋಫಾದ ತೋಳು.

ಬಹಳ ಹೊತ್ತು ನೋಡಿದಳು.
ಅಪ್ಪ ಕೀಲಿಕೈ ಆಡಿಸುತ್ತ ಬರುತ್ತಿದ್ದ.
ಮೆಲ್ಲಗೆ ಕೇಳಿದಳು:
'ಅವರು ಇದಕ್ಕೆ ಏನೂ ಅನ್ನಲಿಲ್ವಾ?'