ಬಂಡೆಯ ಮೇಲೆ ಎಣಿಸುವವಳು

ಜುಲ್ಮೀರು ಅಜ್ಜನ ಎಡಜೇಬಿನಲ್ಲಿ
ಯಾವಾಗಲೂ ಒಂದು ಹಿಡಿ ಒಣ ಬೀನ್ಸ್ ಕಾಳು.
ಪೀಕು ದ್ವೀಪದ ಕಾವಲು ಗೂಡಿನಲ್ಲಿ, ಕಿಂಡಿಗೆ ಕಣ್ಣಿಟ್ಟು,
ಕಶಲೋತ್ ತಿಮಿಂಗಿಲ ಬಾಲವೆತ್ತಿ ಮುಳುಗಿದೊಡನೆ
ನಿಮಿಷಕ್ಕೊಂದು ಕಾಳು
ಎಡಜೇಬಿನಿಂದ ಬಲಜೇಬಿಗೆ.
ನಲವತ್ತು. ನಲವತ್ತೈದು.
ಅಷ್ಟಾದ ಮೇಲೆ ಎದ್ದು ನಿಂತು ಬೆರಳು ತೋರಿದರೆ
ಅಲ್ಲೇ ಏಳುತ್ತಿತ್ತಂತೆ ಉಗಿಯ ಪೊದೆ.
ಬೇಟೆ ನಿಂತು ಎಷ್ಟೋ ವರ್ಷವಾದರೂ
ಅಜ್ಜನ ಕಾಳು ನಿಲ್ಲಲಿಲ್ಲ.

ನಾನೂ ಮುಳುಗುವವಳೇ.
ಲಾವಾದ ಕಪ್ಪು ಬಂಡೆಗೆ ಕಚ್ಚಿಕೊಂಡ ಲಾಪ ಚಿಪ್ಪನ್ನು
ಚೂರಿಯಿಂದ ಎಬ್ಬಿಸಿ ಕಿಲೋ ಲೆಕ್ಕದಲ್ಲಿ ಮಾರುವವಳು.
ಒಂದುಸಿರಿಗೆ ಒಂದೂವರೆ ನಿಮಿಷ,
ಸಿಟ್ಟು ಬಂದ ದಿನ ಒಂದೇ.
ಸಿಟ್ಟಿಗೂ ಉಸಿರು ಬೇಕು ಅನ್ನುತ್ತಿದ್ದ ಅಜ್ಜ,
ಅದನ್ನು ನೀರಿಗೆ ಒಯ್ಯಬೇಡ,
ಚಪ್ಪಲಿ ಜೊತೆ ದಡದಲ್ಲೇ ಬಿಡು.

ಮಿಕ್ಕ ಪಾಠವೆಲ್ಲ ಅಡುಗೆಮನೆಯಲ್ಲಿ.
ಸೌಟಿನ ಸಾರು ಊದುವಷ್ಟರಲ್ಲಿ ಆರುತ್ತದೆ,
ಹಂಡೆಯದು ಬೆಳಗಿನವರೆಗೂ ಬಿಸಿ.
ಕಗಾರು ಹಕ್ಕಿ ಒಂದು ಸೌಟು.
ಆರದಂತೆ ಉರಿಯುತ್ತಲೇ ಇರಬೇಕು, ಪಾಪ,
ಅಂದಿನ ಗಳಿಕೆ ಅಂದಿಗೇ ಸರಿ.
ಮೀನಿನ ಹಿಂದೆ ಧುಮುಕಿ
ಇಪ್ಪತ್ತು ಎಣಿಸುವುದರೊಳಗೆ ಮತ್ತೆ ಮೇಲೆ,
ರೆಕ್ಕೆ ಕೊಡವುತ್ತ, ಬೈಯುತ್ತ.
ಕಶಲೋತ್ ಹಂಡೆ.
ಉಗ್ರಾಣ ದೊಡ್ಡದು, ಒಲೆ ಸಣ್ಣ ಉರಿ.
"ಅದರ ಮಾಂಸ ಕೊಯ್ದಿದ್ದೇನೆ,
ನಮ್ಮ ಗೋಡೆಯ ಕಲ್ಲಿನಷ್ಟೇ ಕಪ್ಪು.
ಎದೆಯಲ್ಲಲ್ಲ ಮಗೂ, ಮಾಂಸದಲ್ಲೇ
ಉಸಿರನ್ನು ಗಂಟು ಕಟ್ಟಿಕೊಂಡು ಇಳಿಯುತ್ತದೆ."
ಆಮೆ?
ನಕ್ಕ. "ಅದು ಒಲೆಯನ್ನೇ ಹಚ್ಚಿಲ್ಲ.
ಅದಕ್ಕೇನು ಅವಸರ!"
ನಾನು ಯಾವ ಪಾತ್ರೆ ಎಂದು ಕೇಳಲಿಲ್ಲ.
ಗೊತ್ತಿತ್ತು: ನಾಲ್ಕು ಜನಕ್ಕೆ ಸಾಲುವ ತಪ್ಪಲೆ.

ಈಗ ಕಾಳು ಇಡಾಲಿನಾಳ ಕೈಯಲ್ಲಿ.
ನನ್ನ ಮಗಳು, ಆರು ವರ್ಷ,
ಮುಂದಿನ ಹಲ್ಲು ಎರಡಿಲ್ಲ.
ನಿನ್ನೆ ಬಂಡೆಯ ಮೇಲೆ ಕೂರಿಸಿ ಹೇಳಿದೆ:
ಎಣಿಸು, ಹತ್ತಕ್ಕೊಂದು ಕಾಳು ಸರಿಸು,
ತೊಂಬತ್ತಕ್ಕೆ ಬರುತ್ತೇನೆ.

ಕೆಳಗೆ ತಣ್ಣಗೆ, ಹಸಿರು.
ನನ್ನ ನಾಡಿ ಮೆಟ್ಟಿಲಿಳಿಯುವ ಮುದುಕಿ.
ಒಂದು.
ನಿಂತು
ಇನ್ನೊಂದು.
ಹದಿನಾಲ್ಕು ಚಿಪ್ಪು. ಹದಿನೈದನೆಯದು ಹಟ ಮಾಡಿತು, ಬಿಟ್ಟೆ.
ಮೇಲೆ ಬಂದು ಕೈಗಡಿಯಾರ ನೋಡಿದರೆ
ಎಂಬತ್ತೆಂಟು ಸೆಕೆಂಡು.

ಇಡಾಲಿನಾ ಅಳುತ್ತಿದ್ದಳು.
ಅವಳ ಲೆಕ್ಕ ಇನ್ನೂರ ಹನ್ನೊಂದು ಮುಟ್ಟಿತ್ತು.
ಕಾಳೆಲ್ಲ ಬಂಡೆಯ ಸಂದಿಗೆ.
"ತೊಂಬತ್ತು ಅಂದಿದ್ದೆ! ತೊಂಬತ್ತು ಅಂದಿದ್ದೆ ನೀನು!"
ಮೋಸವಿಲ್ಲ, ಒಂದನ್ನೂ ಹಾರಿಸಿಲ್ಲ ಅವಳು.
ಒದ್ದೆ ಕೈಯಿಂದ ಎದೆ ಮುಟ್ಟಿ ನೋಡಿದೆ.
ಕೋಣೆಯೊಳಗೆ ಸಿಕ್ಕಿಬಿದ್ದ ಹಕ್ಕಿ.
ಅದೇ ಹೊಡೆತಕ್ಕೆ ಎಣಿಸಿದ್ದಾಳೆ,
ಅವಳ ಬಳಿ ಬೇರೆ ಗಡಿಯಾರವೆಲ್ಲಿದೆ.

ಎತ್ತಿ ಸಮಾಧಾನ ಮಾಡುವಾಗ ಕಂಡದ್ದು:
ದೂರದಲ್ಲಿ ಒಂಟಿ ಮರಿ,
ನಮ್ಮ ದೋಣಿಯಷ್ಟು ಉದ್ದ, ನೀರ ಮೇಲೆ ಸುಮ್ಮನೆ ಹೊರಳುತ್ತ.
ತಾಯಿ ಕೆಳಗೆ, ಬೆಳಕು ಮುಟ್ಟದ ಕಡೆ,
ಕಪ್ಪೆಬೊಂಡಾಸದ ಹಿಂದೆ.
ಅಷ್ಟು ಆಳ ಮರಿಗೆ ಸಲ್ಲದು,
ಮಾಂಸದಲ್ಲಿ ಇನ್ನೂ ಗಂಟು ಕೂಡಿಲ್ಲ.
ಅಜ್ಜನಿಗೆ ಇದು ನಲವತ್ತೈದು ಕಾಳಿನ ಕೆಲಸ.
ಮರಿಗೆ ಎಷ್ಟು?
ಆ ಜೇಬಿಗೆ ಯಾರೂ ಕೈಹಾಕಿ ನೋಡಿಲ್ಲ,
ಅಜ್ಜನೂ.

"ಅದರಮ್ಮ ಎಷ್ಟಕ್ಕೆ ಬರ್ತಾಳೆ?"
ಕಾಳು ಹೆಕ್ಕು, ನೋಡೋಣ.
ಇನ್ನೂ ಮೂರು ಕಿಲೋ ಬಾಕಿಯಿತ್ತು, ಇಳಿಯಲಿಲ್ಲ.
ನಾನು ಒಂದು ಅನ್ನುವಷ್ಟರಲ್ಲಿ ಅವಳು ಎರಡು ದಾಟಿ,
ಜಗಳವಾಡಿ, ಮತ್ತೆ ಮೊದಲಿಂದ,
ಕೊನೆಗೆ ನನ್ನ ತೊಡೆಯ ಮೇಲೇ ಅಡ್ಡಬಿದ್ದಳು.
ಮುಷ್ಟಿಯಲ್ಲಿ ಕಾಳು, ಉಸಿರು ನಿಧಾನ, ಇನ್ನೂ ನಿಧಾನ,
ಅವಳೂ ಎಲ್ಲಿಗೋ ಇಳಿಯುತ್ತಿದ್ದಳು.

ಮೂವತ್ತೆಂಟನೆಯ ನಿಮಿಷಕ್ಕೆ
ಮರಿಯ ಪಕ್ಕದಲ್ಲಿ ಉಗಿ ಎದ್ದಿತು.
ಎಬ್ಬಿಸಲಿಲ್ಲ.